ಉಂಡು ಮಲಗಿದ ಮೇಲೆ: ದಂಪತಿ ಶಿಬಿರಗಳಿಂದ ಆಗುವುದೆಷ್ಟು, ಆಗದ್ದೆಷ್ಟು?

ರಾಷ್ಟ್ರೀಯ ಲೋಕ ಅದಾಲತ್ ಮುಗಿದ ಮರುದಿನ ತುಮಕೂರಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ಬರುವುದು ರೂಢಿ. ಬೇರೆಯಾಗಲು ಅರ್ಜಿ ಹಾಕಿದ್ದ ಗಂಡ ಹೆಂಡತಿ ಕೋರ್ಟಿನ ಆವರಣದಲ್ಲೇ ಹಾರ ಬದಲಾಯಿಸಿಕೊಂಡು ನಿಂತಿರುತ್ತಾರೆ. ಪಕ್ಕದಲ್ಲಿ ನ್ಯಾಯಾಧೀಶರು, ಎರಡೂ ಕಡೆಯ ವಕೀಲರು, ಯಾರದೋ ಕೈಯಲ್ಲಿ ಸಿಹಿಯ ಪೊಟ್ಟಣ. ಇಷ್ಟು ಜೋಡಿಗಳು ಮತ್ತೆ ಒಂದಾದವು ಎಂಬ ಲೆಕ್ಕ ಕೆಳಗೆ. ಹೆಣ್ಣುಮಗಳು ಸಾಮಾನ್ಯವಾಗಿ ನೆಲ ನೋಡುತ್ತಿರುತ್ತಾಳೆ, ಗಂಡಸು ಕ್ಯಾಮೆರಾ ನೋಡುತ್ತಿರುತ್ತಾನೆ. ಆ ಜೋಡಿಗಳು ಮುಂದಿನ ಯುಗಾದಿಯ ಹೊತ್ತಿಗೆ ಒಂದೇ ಮನೆಯಲ್ಲಿದ್ದವೇ, ಇದ್ದರೆ ಹೇಗಿದ್ದವು ಎಂಬುದನ್ನು ಯಾವ ಪುಟವೂ ಬರೆಯುವುದಿಲ್ಲ.

ಈ ಚಿತ್ರವನ್ನು ಗೇಲಿ ಮಾಡುವುದು ನನ್ನ ಉದ್ದೇಶವಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 9ನೆಯ ಕಲಮೇ ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸಬೇಕು ಎನ್ನುತ್ತದೆ. ನ್ಯಾಯಾಧೀಶರು ತಮ್ಮ ಕೆಲಸ ಮಾಡುತ್ತಿದ್ದಾರೆ. ನನ್ನ ತಕರಾರು ಇರುವುದು ಲೆಕ್ಕ ಹಾಕುವ ಕ್ರಮದ ಬಗ್ಗೆ. ಅದೇ ಕ್ರಮ ಈಗ ದಂಪತಿ ಶಿಬಿರಗಳಿಗೂ ಬಂದಿದೆ. ಭಾನುವಾರ ಬಂದರೆ ಕಲ್ಯಾಣ ಮಂಟಪವೊಂದರಲ್ಲಿ 'ಸುಖಿ ದಾಂಪತ್ಯ' ಶಿಬಿರ, ಚರ್ಚುಗಳಲ್ಲಿ ಮದುವೆಗೆ ಮುಂಚಿನ ತರಗತಿ, ಮೊಬೈಲಿನಲ್ಲಿ ದುಡ್ಡು ಕಟ್ಟಿ ಸೇರುವ ಕೋರ್ಸು. ರಾಷ್ಟ್ರೀಯ ಮಹಿಳಾ ಆಯೋಗವೂ 2025ರಲ್ಲಿ ವಿವಾಹಪೂರ್ವ ಸಂವಾದ ಕೇಂದ್ರಗಳನ್ನು ಆರಂಭಿಸಿತು. ಎಷ್ಟು ಜನ ಬಂದರು, ಎಷ್ಟು ಜನ ಕಣ್ಣೊರೆಸಿಕೊಂಡರು ಎಂಬುದೇ ಎಲ್ಲೆಡೆ ವರದಿ. ಬಂದದ್ದರಿಂದ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲವೆಂದಲ್ಲ. ಬೇರೆ ದೇಶಗಳಲ್ಲಿ ಐವತ್ತು ವರ್ಷಗಳಿಂದ ಅದನ್ನು ಅಳೆದು ನೋಡುತ್ತ ಬಂದಿದ್ದಾರೆ. ಆ ಉತ್ತರ ಶಿಬಿರದ ಕರಪತ್ರದಲ್ಲಿ ಇರುವಷ್ಟು ಸಿಹಿಯಾಗಿಲ್ಲ, ಅಷ್ಟೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸಂಬಂಧ ಮುರಿಯುವ ಹಂತಕ್ಕೆ ಬಂದಾಗ ನಾಲ್ಕು ಹಿರಿಯರು ಕೂತು ಮಾಡುವುದು ರಾಜಿ. ಮನಸ್ಸಿಗೆ ಗಾಯವಾದಾಗ ಆಪ್ತ ಸಮಾಲೋಚಕರ ಬಳಿ ಹೋಗುವುದು ಚಿಕಿತ್ಸೆ. ಶಿಬಿರ ಇವೆರಡೂ ಅಲ್ಲ. ಹೆಚ್ಚೇನೂ ತೊಂದರೆಯಿಲ್ಲದ, ಅಥವಾ ತೊಂದರೆ ಈಗಷ್ಟೇ ಮೊಳೆಯುತ್ತಿರುವ ಜೋಡಿಗಳಿಗೆ ಮಾತನಾಡುವುದನ್ನೂ ಕೇಳಿಸಿಕೊಳ್ಳುವುದನ್ನೂ ಹೇಳಿಕೊಡುವ ತರಗತಿ ಅದು. ಹಲ್ಲು ಕೀಳುವವನಿಗೂ ಹಲ್ಲುಜ್ಜಲು ಕಲಿಸುವವನಿಗೂ ಇರುವಷ್ಟು ವ್ಯತ್ಯಾಸ. ನಮ್ಮಲ್ಲಿ ಮೂರನ್ನೂ 'ಕೌನ್ಸೆಲಿಂಗ್' ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಆಮೇಲೆ ಒಂದರಿಂದ ಆಗಬೇಕಾದ್ದನ್ನು ಇನ್ನೊಂದರಿಂದ ಬಯಸುತ್ತೇವೆ.

ಇದರ ಹುಟ್ಟು ಚರ್ಚಿನ ಅಂಗಳದಲ್ಲಿ. ಸ್ಪೇನಿನ ಪಾದ್ರಿ ಗೇಬ್ರಿಯಲ್ ಕಾಲ್ವೊ 1962ರಲ್ಲಿ ಬಾರ್ಸಿಲೋನಾದಲ್ಲಿ ಒಂದಷ್ಟು ದಂಪತಿಗಳನ್ನು ವಾರಾಂತ್ಯಕ್ಕೆ ಕೂಡಿಸಿದರು. ಅದೇ ಮುಂದೆ ಮ್ಯಾರೇಜ್ ಎನ್‌ಕೌಂಟರ್ ಎಂಬ ಚಳವಳಿಯಾಗಿ ಅಮೆರಿಕಕ್ಕೆ ಹೋಯಿತು. 1973ರಲ್ಲಿ ಡೇವಿಡ್ ಮತ್ತು ವೆರಾ ಮೇಸ್ ದಂಪತಿ ಅಲ್ಲೊಂದು ಸಂಘ ಕಟ್ಟಿದರು. ಬಳಿಕ ವಿಶ್ವವಿದ್ಯಾಲಯಗಳು ಕೈಹಾಕಿದವು. ಡೆನ್ವರ್ ವಿಶ್ವವಿದ್ಯಾಲಯದ ಹೊವಾರ್ಡ್ ಮಾರ್ಕ್‌ಮನ್ ಮತ್ತು ಸ್ಕಾಟ್ ಸ್ಟ್ಯಾನ್ಲಿ ರೂಪಿಸಿದ 'ಪ್ರೆಪ್' ಎಂಬ ಪಠ್ಯಕ್ರಮ ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು. ಅದರ ಮುಖ್ಯ ಪಾಠ ಬಹಳ ಸರಳ. ನೆಲಕ್ಕೆ ಹಾಸುವ ಟೈಲ್ಸಿನ ಒಂದು ತುಂಡನ್ನು ದಂಪತಿಯ ಕೈಗೆ ಕೊಡುತ್ತಾರೆ. ತುಂಡು ಹಿಡಿದವರು ಮಾತನಾಡಬೇಕು. ಇನ್ನೊಬ್ಬರು ಎದುರಾಡದೆ, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಆಮೇಲೆ ತುಂಡು ಕೈ ಬದಲಾಗುತ್ತದೆ.

ಇದೇ ಪಾಠ ತುಮಕೂರಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ಪರಿಚಯದವರೊಬ್ಬರು ಸ್ವಯಂಸೇವಕನಾಗಿ ಬರಲು ಕರೆದಿದ್ದರು. ಹೆಸರು ಬರೆದುಕೊಳ್ಳುವುದು, ಕಾಫಿ ಹಂಚುವುದು ನನ್ನ ಪಾಲಿನ ಕೆಲಸ. ಮೂವತ್ತು ಜೋಡಿ ಹೆಸರು ಕೊಟ್ಟಿದ್ದವು. ಬಂದದ್ದು ಹತ್ತೊಂಬತ್ತು, ಅದರಲ್ಲೂ ಇಬ್ಬರು ಹೆಂಗಸರು ಒಂಟಿಯಾಗಿ. "ಅವರಿಗೆ ಕೆಲಸ ಇತ್ತು" ಎಂದು ಕೇಳದೆಯೇ ಹೇಳಿದರು. ಶಿಬಿರ ನಡೆಸುತ್ತಿದ್ದ ಮೇಡಂ ಟೈಲ್ಸಿನ ಬದಲು ತಾಂಬೂಲಕ್ಕೆಂದು ತಂದಿದ್ದ ತೆಂಗಿನಕಾಯಿಗಳನ್ನೇ ಜೋಡಿಗೊಂದರಂತೆ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಕರಣ ಇನ್ನೊಂದಿಲ್ಲ.

ತಿಪಟೂರು ಕಡೆಯಿಂದ ಬಂದ ಒಂದು ಜೋಡಿ ನನ್ನ ಮೇಜಿಗೆ ಹತ್ತಿರವಿತ್ತು. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.) ಕಾಯಿ ಮೊದಲು ಆಕೆಯ ಕೈಗೆ ಬಂತು. ಆಕೆ ಅದನ್ನು ಮಡಿಲಲ್ಲಿಟ್ಟುಕೊಂಡು, ಗಂಡನ ಕಡೆ ನೋಡದೆ, ಕಾಯಿಯ ಜುಟ್ಟನ್ನೇ ತಿರುವುತ್ತ ಹೇಳಿದರು: "ಅಟ್ಟಕ್ಕೆ ಕಾಯಿ ಏರಿಸುವಾಗ ನಾನು ಬೇಕು. ಕೊಬ್ಬರಿ ಮಾರುವಾಗ ಮಾತ್ರ ಬೇಡ."

ಗಂಡ ತಟ್ಟನೆ ಶುರು ಮಾಡಿದರು. "ಹಾಗಲ್ಲ ಮೇಡಂ, ಆವತ್ತು ಮಾರ್ಕೆಟ್ಟಿನಲ್ಲಿ ರೇಟು..."

"ಕಾಯಿ ನಿಮ್ಮ ಕೈಯಲ್ಲಿಲ್ಲ."

ಎರಡನೆಯ ಸಲವೂ ರೇಟಿನ ಮಾತೇ ಬಂತು. ಪಕ್ಕದವರು ನಕ್ಕರು. ಮೂರನೆಯ ಸಲಕ್ಕೆ ಆತ ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನಂತೆ ಹೇಳಿದರು: "ಅಟ್ಟಕ್ಕೆ ಏರಿಸುವಾಗ ನೀನು ಬೇಕು, ಮಾರುವಾಗ ಬೇಡ ಎಂದು ನಿನಗೆ ಅನ್ನಿಸಿದೆ."

"ಸರಿಯಾಗಿ ಹೇಳಿದರೇನಮ್ಮ?"

"ಹೇಳಿದರು" ಎಂದರು ಆಕೆ. ಅಷ್ಟಕ್ಕೇ ಸೆರಗಿನ ಅಂಚು ಕಣ್ಣಿಗೆ ಹೋಯಿತು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿ ಒಳಗೊಳಗೇ ಗಡಗಡ ಎನ್ನುವುದನ್ನು ಕೇಳುತ್ತ ಕಾದವರಿಗೆ, ಮಾರುವ ದಿನ ಒಂದು ಮಾತು ಕೇಳದೆ ಇರುವುದು ಎಷ್ಟು ಚುಚ್ಚುತ್ತದೆ ಎಂಬುದನ್ನು ತೆಂಗು ಬೆಳೆಯುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಕಾಯಿ ಗಂಡನ ಕೈಗೆ ಹೋಯಿತು. "ಆವತ್ತು ಮಾರದೆ ಬೇರೆ ದಾರಿ ಇರಲಿಲ್ಲ" ಎಂದು ಆತ ನಿಲ್ಲಿಸಿದರು. ಯಾಕೆ ಇರಲಿಲ್ಲ ಎಂಬುದು ಬರುವಷ್ಟರಲ್ಲಿ ಊಟದ ಸೀಟಿ ಊದಿದರು.

ಈ ಹತ್ತು ನಿಮಿಷವನ್ನು ಸುಳ್ಳು ಎನ್ನಲು ನನ್ನಿಂದ ಆಗುವುದಿಲ್ಲ. ಅಲ್ಲಿ ಏನೋ ನಡೆಯಿತು. ಆದರೆ ಶಿಬಿರ ಫಲ ಕೊಡುತ್ತದೆ ಎನ್ನುವುದಕ್ಕೆ ಈ ಹತ್ತು ನಿಮಿಷವನ್ನು ಸಾಕ್ಷಿಯಾಗಿ ಒಪ್ಪಲೂ ಆಗುವುದಿಲ್ಲ. ಅಮಾನಿಕೆರೆಯ ಬಳಿ ಬೆಳಗಿನ ನಡಿಗೆಗೆ ಬರುವವರೆಲ್ಲ ಊರಿನ ಉಳಿದವರಿಗಿಂತ ಗಟ್ಟಿಮುಟ್ಟಾಗಿದ್ದಾರೆ ಎಂದುಕೊಳ್ಳಿ. ನಡಿಗೆಯಿಂದ ಗಟ್ಟಿಯಾದರೋ, ಗಟ್ಟಿಯಾಗಿರುವವರೇ ನಡೆಯಲು ಬರುತ್ತಾರೋ? ಶಿಬಿರಕ್ಕೆ ಗಂಡ ಹೆಂಡತಿ ಇಬ್ಬರೂ ಒಪ್ಪಿ, ಭಾನುವಾರ ಬಿಡುವು ಮಾಡಿಕೊಂಡು, ಒಂದೇ ಬಸ್ಸಿನಲ್ಲಿ ಬರುತ್ತಾರೆಂದರೆ ಅರ್ಧ ಯುದ್ಧ ಆಗಲೇ ಮುಗಿದಿದೆ. ಬಾರದೆ ಉಳಿದ ಆ ಹನ್ನೊಂದು ಜೋಡಿಗಳಿಗೆ ಶಿಬಿರದ ಅಗತ್ಯ ಹೆಚ್ಚಿತ್ತೋ ಏನೋ.

ಹಾಗಾಗಿ ಸರಿಯಾಗಿ ಅಳೆಯಬೇಕೆಂದರೆ ಚೀಟಿ ಎತ್ತಬೇಕು. ಹೆಸರು ಕೊಟ್ಟವರಲ್ಲೇ ಅರ್ಧ ಜೋಡಿಗಳನ್ನು ಶಿಬಿರಕ್ಕೆ ಕಳಿಸಿ, ಅರ್ಧ ಜೋಡಿಗಳನ್ನು ಹಾಗೇ ಬಿಟ್ಟು, ವರ್ಷ ಕಳೆದ ಮೇಲೆ ಇಬ್ಬರ ಮನೆ ಬಾಗಿಲನ್ನೂ ತಟ್ಟಬೇಕು. ಹೀಗೆ ಮಾಡಿದ, ಮತ್ತು ಇದಕ್ಕೆ ಹತ್ತಿರದ ರೀತಿಯಲ್ಲಿ ಮಾಡಿದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಅಮೆರಿಕದ ಅಲನ್ ಹಾಕಿನ್ಸ್ ಮತ್ತು ಸಂಗಡಿಗರು 2008ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಸಂಬಂಧದ ಗುಣಮಟ್ಟದಲ್ಲಿ ಆದ ಲಾಭದ ಅಳತೆ 0.3ರಿಂದ 0.36. ಮಾತುಕತೆಯ ಕೌಶಲದಲ್ಲಿ ಇನ್ನೂ ಸ್ವಲ್ಪ ಹೆಚ್ಚು, 0.43ರಿಂದ 0.45. ಸಂಖ್ಯಾಶಾಸ್ತ್ರದ ಈ ಅಂಕಿಯನ್ನು ಊರಿನ ಭಾಷೆಗೆ ಇಳಿಸಿದರೆ ಹೀಗೆ: ಶಿಬಿರಕ್ಕೆ ಹೋಗದ ನೂರು ಜೋಡಿಗಳನ್ನು ಅನ್ಯೋನ್ಯತೆಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಟ್ಟನಡುವಿನ ಜೋಡಿಗಿಂತ ಮೇಲೆ ಇರುವವರು 50. ಶಿಬಿರಕ್ಕೆ ಹೋದ ನೂರರಲ್ಲಿ ಅದೇ ಗೆರೆಯ ಮೇಲೆ ಇರುವವರು ಸುಮಾರು 62. ಹನ್ನೆರಡು ಜೋಡಿಗಳ ವ್ಯತ್ಯಾಸ. ಸಣ್ಣದು, ಆದರೆ ಸೊನ್ನೆಯಲ್ಲ.

ಇಲ್ಲೂ ಒಂದು ಕೊಕ್ಕೆ ಇದೆ. ಅದೇ ತಂಡದವರು 2010ರಲ್ಲಿ ಮದುವೆಗೆ ಮುಂಚಿನ ತರಗತಿಗಳನ್ನು ಮಾತ್ರ ಬೇರೆಯಾಗಿ ನೋಡಿದಾಗ, ಅಚ್ಚಾಗದೆ ಉಳಿದ ಅಧ್ಯಯನಗಳನ್ನೂ ಲೆಕ್ಕಕ್ಕೆ ಸೇರಿಸಿದರು. ಮಾತುಕತೆ ಸುಧಾರಿಸಿದ್ದು ನಿಜ ಎಂದು ಕಂಡಿತು, ಸಂಬಂಧದ ತೃಪ್ತಿಯ ಮೇಲಿನ ಲಾಭ ಮಾತ್ರ ಕರಗಿಹೋಯಿತು. ಒಳ್ಳೆಯ ಫಲಿತಾಂಶ ಬಂದರೆ ಪತ್ರಿಕೆಗೆ ಕಳಿಸುತ್ತಾರೆ, ಬಾರದಿದ್ದರೆ ಬೀರುವಿನಲ್ಲಿ ಇಡುತ್ತಾರೆ. ವಿದ್ವಾಂಸರೂ ಮನುಷ್ಯರೇ. ಮದುವೆಯಾಗಲು ಹೊರಟವರು ಹೇಗೂ ಖುಷಿಯಾಗಿಯೇ ಇರುತ್ತಾರೆ, ಅವರ ತೃಪ್ತಿಗೆ ಏರಲು ಇನ್ನು ಮೆಟ್ಟಿಲೆಲ್ಲಿ ಎಂಬ ಸಮಜಾಯಿಷಿಯೂ ಇದೆ. ಅದರಲ್ಲಿ ಅರ್ಥವಿಲ್ಲದಿಲ್ಲ. ದೇವರಾಯನದುರ್ಗದ ಬಂಡೆಯ ಮೇಲೆ ಮದುವೆಯ ಮುಂಚಿನ ಫೋಟೊ ತೆಗೆಸಿಕೊಳ್ಳುತ್ತಿರುವ ಜೋಡಿಯನ್ನು ನಿಲ್ಲಿಸಿ 'ಮನೆ ಖರ್ಚಿನ ಲೆಕ್ಕ ಯಾರು ಇಡುತ್ತೀರಿ' ಎಂದು ಕೇಳಿದರೆ ಅವರು ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಅತಿ ದೊಡ್ಡ ಪರೀಕ್ಷೆ ನಡೆದದ್ದು ಸರ್ಕಾರದ ದುಡ್ಡಿನಲ್ಲಿ. ಬಡ ಕುಟುಂಬಗಳ ಮದುವೆ ಗಟ್ಟಿಯಾದರೆ ಬಡತನ ಇಳಿಯುತ್ತದೆ ಎಂಬ ನಂಬಿಕೆಯ ಮೇಲೆ ಅಮೆರಿಕ 2005ರ ಒಂದು ಕಾಯ್ದೆಯ ಮೂಲಕ ಮದುವೆ ಮತ್ತು ತಂದೆತನದ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ಕೋಟಿ ಡಾಲರ್ ತೆಗೆದಿಟ್ಟಿತು. ಮದುವೆಯಾಗದೆ ಮಗು ಪಡೆದ ಐದು ಸಾವಿರಕ್ಕೂ ಹೆಚ್ಚು ಜೋಡಿಗಳನ್ನು ಎಂಟು ಕಡೆ ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಮೂರು ವರ್ಷದ ಬಳಿಕ ನೋಡಿದರೆ ಒಟ್ಟಾರೆ ಏನೂ ಆಗಿರಲಿಲ್ಲ. ತರಗತಿಗೆ ಹೆಸರು ಬಂದವರಲ್ಲಿ ಒಂದು ದಿನವಾದರೂ ಕಾಲಿಟ್ಟವರು ಶೇ 55 ಮಾತ್ರ. ಬಾಲ್ಟಿಮೋರ್ ನಗರದಲ್ಲಂತೂ ಹದಿನೈದು ತಿಂಗಳ ಹೊತ್ತಿಗೆ ತರಗತಿಗೆ ಹೆಸರು ಬಂದ ಗುಂಪಿನಲ್ಲೇ ಹೆಚ್ಚು ಜೋಡಿಗಳು ಬೇರೆಯಾಗಿದ್ದವು, ಹೆಂಗಸರ ಮೇಲೆ ತೀವ್ರ ಹಲ್ಲೆಯೂ ಹೆಚ್ಚಾಗಿತ್ತು. ಮೂರು ವರ್ಷದ ಹೊತ್ತಿಗೆ ಆ ವ್ಯತ್ಯಾಸ ಅಳಿಯಿತು. ಆದರೂ ತರಗತಿಯಿಂದ ಆದರೆ ಒಳ್ಳೆಯದೇ ಆಗುತ್ತದೆ, ಕೇಡೇನೂ ಆಗುವುದಿಲ್ಲ ಎಂದು ಕಣ್ಣುಮುಚ್ಚಿ ಹೇಳುವವರು ಬಾಲ್ಟಿಮೋರನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇನ್ನೊಂದು ಪ್ರಯೋಗ ಮದುವೆಯಾದ ಬಡ ದಂಪತಿಗಳದು. 6,298 ಜೋಡಿಗಳು, ಒಂದು ಜೋಡಿಗೆ ಸರಾಸರಿ 9,100 ಡಾಲರ್ ಖರ್ಚು. ಮೂವತ್ತು ತಿಂಗಳ ಬಳಿಕವೂ ತರಗತಿಗೆ ಹೋದವರ ನಡುವೆ ಅಕ್ಕರೆ ಒಂದಿಷ್ಟು ಹೆಚ್ಚು, ಜಗಳದಲ್ಲಿ ಕೆಟ್ಟ ನಡವಳಿಕೆ ಒಂದಿಷ್ಟು ಕಡಿಮೆ ಇತ್ತು. ಆದರೆ ಒಟ್ಟಿಗೆ ಉಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ. ಮಕ್ಕಳ ಸ್ಥಿತಿಯಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಅಷ್ಟು ದುಡ್ಡನ್ನು ಆ ಮನೆಗಳ ಕೈಗೇ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದವರು ಅಲ್ಲಿಯೂ ಇದ್ದರು. ಗಂಭೀರ ಪ್ರಶ್ನೆಯೇ.

ಇದರ ಪಕ್ಕದಲ್ಲಿ ನಗು ತರಿಸುವ ಒಂದು ಅಧ್ಯಯನವನ್ನು ಇಡುತ್ತೇನೆ. ರಾನಲ್ಡ್ ರಾಗಿ ಮತ್ತು ಥಾಮಸ್ ಬ್ರಾಡ್ಬರಿ ಎಂಬ ಸಂಶೋಧಕರು 174 ಹೊಸ ಜೋಡಿಗಳನ್ನು ತೆಗೆದುಕೊಂಡರು. ಕೆಲವರಿಗೆ ಪ್ರೆಪ್ ತರಗತಿ, ಕೆಲವರಿಗೆ ಇನ್ನೊಂದು ಬಗೆಯ ತರಗತಿ. ಮೂರನೆಯ ಗುಂಪಿಗೆ ಒಂದು ಉಪನ್ಯಾಸ, ಮತ್ತು ದಾಂಪತ್ಯದ ಕಥೆಯಿರುವ ಸಿನಿಮಾಗಳನ್ನು ಮನೆಯಲ್ಲಿ ಒಟ್ಟಿಗೆ ನೋಡಿ ಕೊಟ್ಟ ಪ್ರಶ್ನೆಗಳ ಮೇಲೆ ಮಾತನಾಡಿಕೊಳ್ಳುವ ಕೆಲಸ. ಮೂರು ವರ್ಷದ ಬಳಿಕ ಈ ಮೂರೂ ಗುಂಪುಗಳಲ್ಲಿ ಬೇರೆಯಾದವರು ಸುಮಾರು ಶೇ 11, ಏನೂ ಸಿಗದ ಗುಂಪಿನಲ್ಲಿ ಶೇ 24. ಸಣ್ಣ ಅಧ್ಯಯನ, ಇದೊಂದನ್ನೇ ನೆಚ್ಚಿ ಕೂರಬೇಕಿಲ್ಲ. ಆದರೆ ಇದು ಬಿಟ್ಟುಕೊಡುವ ಗುಟ್ಟು ನನಗೆ ಮುಖ್ಯ: ಕೌಶಲ ಕಲಿಸಿದ್ದರಿಂದಲೇ ಲಾಭವಾಯಿತೋ, ಅಥವಾ ಇಬ್ಬರನ್ನೂ ಒಂದು ಕಡೆ ಕೂರಿಸಿ ತಮ್ಮ ಬದುಕಿನ ಬಗ್ಗೆ ಯೋಚಿಸಲು ಹೊತ್ತು ಕೊಟ್ಟಿದ್ದರಿಂದಲೋ?

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎನ್ನುತ್ತೇವೆ. ಈ ಗಾದೆಯೊಳಗೆ ಒಂದು ವ್ಯವಸ್ಥೆ ಅಡಗಿದೆ, ಗಮನಿಸಿ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹೊತ್ತಿಗೆ ಉಣ್ಣುತ್ತಾರೆ, ಒಂದೇ ಹೊತ್ತಿಗೆ ಮಲಗುತ್ತಾರೆ ಎಂದು ಅದು ಮೊದಲೇ ಎಣಿಸಿಕೊಂಡಿದೆ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ಬೆಳಗಿನ ರೈಲಿಗೆ ಪಾಸು ಹಿಡಿದು ಹೊರಟ ಗಂಡ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ವಸಂತನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಮಾಡುವ ಹೆಂಡತಿ ಒಂದು ವಾರ ಬೆಳಗ್ಗೆ, ಇನ್ನೊಂದು ವಾರ ಮಧ್ಯಾಹ್ನ ಹೊರಡುತ್ತಾಳೆ. ಅವನ ತಟ್ಟೆಯ ಮೇಲೆ ಮುಚ್ಚಿದ ತಟ್ಟೆ, ಅವಳ ಊಟ ನಿಂತುಕೊಂಡೇ. ಇಂಥ ಮನೆಯಲ್ಲಿ ಜಗಳ ಉಂಡು ಮಲಗಿದ ಮೇಲೂ ಮುಗಿಯುವುದಿಲ್ಲ, ಮುಂದಿನ ವಾರಕ್ಕೆ ಹೋಗುತ್ತದೆ. ಇವರಿಗೆ 'ನಾನು' ಎಂದು ವಾಕ್ಯ ಶುರು ಮಾಡಿ, 'ನೀನು' ಎಂದು ಬೆರಳು ತೋರಿಸಬೇಡಿ ಎಂದು ಕಲಿಸುವುದು ತಪ್ಪಲ್ಲ. ಆದರೆ ಆ ವಾಕ್ಯ ಆಡಲು ಇಬ್ಬರೂ ಎಚ್ಚರವಾಗಿರುವ ಒಂದು ಗಂಟೆ ಬೇಕಲ್ಲ.

ಅಮೆರಿಕದ ಜಾನ್ ಗಾಟ್ಮನ್ ಎಂಬ ಸಂಶೋಧಕ ದಶಕಗಳ ಕಾಲ ದಂಪತಿಗಳ ಜಗಳವನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದವರು. ಅವರ ಲೆಕ್ಕದಲ್ಲಿ ದಂಪತಿಗಳ ಜಗಳದ ವಿಷಯಗಳಲ್ಲಿ ಶೇ 69 ಎಂದೂ ಬಗೆಹರಿಯುವಂಥವಲ್ಲ. ಬಾಳುವ ಜೋಡಿಗಳಿಗೂ ಅದೇ ಜಗಳ ಇರುತ್ತದೆ, ಅವರು ಅದನ್ನು ತಾತ್ಸಾರವಿಲ್ಲದೆ ಆಡುತ್ತಾರೆ. ಸಂಬಂಧವನ್ನು ತಿನ್ನುವುದು ಜಗಳವಲ್ಲ, ತಾತ್ಸಾರ ಮತ್ತು ಮೌನ ಎಂಬುದು ಅವರ ಮಾತಿನ ಸಾರ. ಸಂಶೋಧಕರು ಗುರುತಿಸಿದ ಇನ್ನೊಂದು ವಿನ್ಯಾಸ ನಮಗೆ ಚೆನ್ನಾಗಿ ಗೊತ್ತಿರುವುದೇ. ಒಬ್ಬರು, ಬಹುಮಟ್ಟಿಗೆ ಹೆಂಡತಿ, ವಿಷಯ ಎತ್ತುತ್ತಾರೆ. ಇನ್ನೊಬ್ಬರು ಎದ್ದು ಹೋಗುತ್ತಾರೆ. ಎದ್ದು ಹೋದಷ್ಟೂ ಈ ಕಡೆ ದನಿ ಏರುತ್ತದೆ, ಏರಿದಷ್ಟೂ ಆ ಕಡೆ ಚಪ್ಪಲಿ ಮೆಟ್ಟುವುದು ಬೇಗವಾಗುತ್ತದೆ. ನಮ್ಮ ಊರುಗಳ ಟೀ ಅಂಗಡಿಗಳ ವ್ಯಾಪಾರದಲ್ಲಿ ಇದರ ಪಾಲೆಷ್ಟು ಎಂದು ಯಾರಾದರೂ ಲೆಕ್ಕ ಹಾಕಬೇಕು. ತೆಂಗಿನಕಾಯಿಯ ಪಾಠ ನೇರವಾಗಿ ಈ ರೋಗಕ್ಕೇ ಮದ್ದು. ಮಾತುಕತೆಯ ಕೌಶಲದಲ್ಲಿ ಲಾಭ ಹೆಚ್ಚು ಕಾಣುವುದಕ್ಕೂ ಇದೇ ಕಾರಣ ಇರಬೇಕು.

ಇಷ್ಟು ಹೊತ್ತು ಹೇಳಿದ್ದೆಲ್ಲ ಇಬ್ಬರೇ ಇರುವ ಮನೆಯ ಮಾತು. ನಮ್ಮ ಮನೆಗಳಲ್ಲಿ ದಂಪತಿ ಎಂದರೆ ಇಬ್ಬರಲ್ಲ. ಅತ್ತೆ, ಮಾವ, ಬಂದು ಹೋಗುವ ನಾದಿನಿ, ದಿನಕ್ಕೆರಡು ಸಲ ಫೋನ್ ಮಾಡುವ ತವರಿನವರು. ಪಶ್ಚಿಮದ ಪಠ್ಯಕ್ರಮವನ್ನು ಕನ್ನಡಕ್ಕೆ ತಂದು ಹಂಚಿದರೆ ಬಿಟ್ಟುಹೋಗುವುದು ಈ ಮೂರನೆಯವರು. ಇದನ್ನು ಅರಿತು ಮಾಡಿದ ಒಂದು ಪ್ರಯೋಗ ನಮ್ಮ ಪಕ್ಕದಲ್ಲೇ, ಬೆಂಗಳೂರಿನಲ್ಲಿ ನಡೆದಿದೆ. 'ದಿಲ್ ಮಿಲ್' ಎಂದು ಅದರ ಹೆಸರು. ಇಂಗ್ಲಿಷಿನಲ್ಲಿ ಸೊಸೆ, ಅತ್ತೆ ಎಂಬುದನ್ನು ಚುಟುಕಾಗಿ ಬರೆದಾಗ ಬರುವ ಅಕ್ಷರಗಳೇ ಈ ಹೆಸರಾಗಿವೆ. ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಬರುವ ಚಿಕ್ಕ ವಯಸ್ಸಿನ ಸೊಸೆಯಂದಿರನ್ನೂ ಅವರ ಅತ್ತೆಯರನ್ನೂ ಸೇರಿಸಿ, ಮನೆಯೊಳಗಿನ ಹಿಂಸೆ ತಗ್ಗಿಸುವ ಗುರಿಯಿಂದ ರೂಪಿಸಿದ್ದು. ಅತ್ತೆಯನ್ನು ಖಳನಾಯಕಿ ಮಾಡಿ ಹೊರಗಿಡುವ ಬದಲು ಒಳಗೆ ಕರೆದುಕೊಂಡ ಆ ಬುದ್ಧಿ ನನಗೆ ಹಿಡಿಸಿತು. ಕುಟುಂಬವನ್ನು ಜೊತೆಗಿಟ್ಟುಕೊಂಡೇ ಮಾಡುವ ಚಿಕಿತ್ಸೆಗೆ ಈ ದೇಶದಲ್ಲಿ ಹಳೆಯ ದಾರಿಯೂ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಗುಡಾರ ಹಾಕಿ ಇರಿಸಿಕೊಂಡರು. ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕ್ಕೆಂದೇ ಒಂದು ಕೇಂದ್ರವಿದೆ.

ಇನ್ನು ಯಾರೂ ಶಿಬಿರದಲ್ಲಿ ಎತ್ತಲು ಇಷ್ಟಪಡದ ಮಾತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಕಂಡವರು ಶೇ 44.4. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ಏರಿದ್ದು ಹಿಂಸೆಯೋ, ಹೇಳಿಕೊಳ್ಳುವ ಧೈರ್ಯವೋ, ಕೇಳಿದ ರೀತಿಯೋ ಎಂದು ಚರ್ಚೆ ಮಾಡಬಹುದು. ಆದರೆ ಕಲ್ಯಾಣ ಮಂಟಪದಲ್ಲಿ ಕೂತ ಹತ್ತು ಹೆಂಗಸರಲ್ಲಿ ನಾಲ್ವರು ಪೆಟ್ಟು ತಿಂದವರು ಇರಬಹುದು ಎಂಬ ಎಚ್ಚರ ಶಿಬಿರ ನಡೆಸುವವರಿಗೆ ಇರಲೇಬೇಕು. ಅಂಥವರ ಕೈಗೆ ಕಾಯಿ ಕೊಟ್ಟು 'ಮನಸ್ಸಿನಲ್ಲಿರುವುದನ್ನು ಹೇಳಿಬಿಡಮ್ಮ' ಎಂದರೆ, ಮನೆಗೆ ಹೋದ ಮೇಲೆ ಅದಕ್ಕೆ ಬೆಲೆ ತೆರುವವಳು ಅವಳೇ. ನಾನು ನೋಡಿದ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವಾಗ ಊರು, ವಯಸ್ಸು, ಊಟ ಸಸ್ಯಾಹಾರವೇ ಎಂಬುದನ್ನೆಲ್ಲ ಕೇಳಿದೆವು. ಹೆಂಗಸರನ್ನು ಪಕ್ಕಕ್ಕೆ ಕರೆದು ಈ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಕೇಳುವ ಬುದ್ಧಿ ಆಗ ನನಗೂ ಬಂದಿರಲಿಲ್ಲ. ಹೊಡೆತ ಇರುವ ಮನೆಗೆ ಬೇಕಾದದ್ದು ಸಾಂತ್ವನ ಕೇಂದ್ರ, ನಮ್ಮ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ, ಬೇಕಾದರೆ ಪೊಲೀಸ್ ಠಾಣೆ. ಅಲ್ಲಿ 'ಹೊಂದಿಕೊಂಡು ಹೋಗು' ಎನ್ನುವ ತರಗತಿ ನಡೆಸುವುದು ಅನ್ಯಾಯ.

ಹಾಗಂತ ಹಿಂಸೆಯ ವಿಷಯದಲ್ಲಿ ಗುಂಪು ತರಗತಿಗಳಿಂದ ಏನೂ ಆಗುವುದಿಲ್ಲ ಎಂದೇನಿಲ್ಲ. ಈ ಇಡೀ ಕ್ಷೇತ್ರದಲ್ಲಿ ನನ್ನನ್ನು ಹೆಚ್ಚು ಒಪ್ಪಿಸಿದ ಫಲಿತಾಂಶ ಬಂದಿರುವುದು ಅಮೆರಿಕದಿಂದಲ್ಲ, ರುವಾಂಡಾದಿಂದ. 'ಬಂದೆಬೆರೆಹೊ' ಎಂಬ ಆ ಕಾರ್ಯಕ್ರಮದಲ್ಲಿ ಚಿಕ್ಕ ಮಕ್ಕಳ ತಂದೆಯಂದಿರನ್ನು ಊರಿನಲ್ಲೇ ಹದಿನೈದು ಸಲ ಕೂಡಿಸಿದರು, ಅವುಗಳಲ್ಲಿ ಕೆಲವಕ್ಕೆ ಹೆಂಡತಿಯರನ್ನೂ ಕರೆದರು. ಚರ್ಚೆಯಾದದ್ದು ಮಗುವಿನ ಸ್ನಾನ ಯಾರು ಮಾಡಿಸುವುದು, ಸಂಬಳ ಯಾರ ಕೈಗೆ, ಕುಡಿತ, ಸಿಟ್ಟು ಇಂಥ ವಿಷಯ. ಸುಮಾರು 1,200 ಜೋಡಿಗಳನ್ನು ಚೀಟಿ ಎತ್ತಿ ಹಂಚಿದ್ದರು. 21 ತಿಂಗಳ ಬಳಿಕ ಹಿಂದಿನ ವರ್ಷದಲ್ಲಿ ಗಂಡನಿಂದ ಪೆಟ್ಟು ತಿಂದಿದ್ದೇನೆ ಎಂದ ಹೆಂಗಸರು ಕಾರ್ಯಕ್ರಮದ ಗುಂಪಿನಲ್ಲಿ ಶೇ 33, ಇನ್ನೊಂದು ಗುಂಪಿನಲ್ಲಿ ಶೇ 57. ಇಷ್ಟು ದೊಡ್ಡ ವ್ಯತ್ಯಾಸ ಈ ಕ್ಷೇತ್ರದಲ್ಲಿ ಅಪರೂಪ. ಮಹಾರಾಷ್ಟ್ರದ ಹಳ್ಳಿಗಳಲ್ಲಿ 'ಚಾರ್ಮ್' ಎಂಬ ಪ್ರಯೋಗವೂ ಹೀಗೇ. ಹಳ್ಳಿಯ ಗಂಡು ಆರೋಗ್ಯ ಕಾರ್ಯಕರ್ತರು ಗಂಡಂದಿರ ಜೊತೆ ಕುಟುಂಬ ಯೋಜನೆಯ ಬಗ್ಗೆ ಎರಡು ಸಲ ಮಾತನಾಡಿದರು, ಮೂರನೆಯ ಸಲ ಹೆಂಡತಿಯೂ ಕೂತಳು. ಗರ್ಭನಿರೋಧಕದ ಬಳಕೆ ಏರಿತು, ಹದಿನೆಂಟು ತಿಂಗಳಿಗೆ ಲೈಂಗಿಕ ಹಿಂಸೆಯ ದೂರು ಇಳಿದಿತ್ತು.

ಇವೆರಡರಲ್ಲೂ 'ದಾಂಪತ್ಯ ಮಧುರವಾಗಲಿ' ಎಂಬ ಭಾಷಣ ಇರಲಿಲ್ಲ. ಮನೆಯಲ್ಲಿ ದಿನಾ ತಗಾದೆಗೆ ಬರುವ ನಿಜವಾದ ವಿಷಯವನ್ನೇ ಮುಂದಿಟ್ಟುಕೊಂಡರು. ಒಂದು ಭಾನುವಾರದ ಬದಲು ಮತ್ತೆ ಮತ್ತೆ ಸೇರಿದರು. ಗಂಡಸರೇ ಮುಖ್ಯ ವಿದ್ಯಾರ್ಥಿಗಳು. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇದಕ್ಕೆ ಹತ್ತಿರವಾದ ಒಂದು ಮಾದರಿ ಆಗಲೇ ಇದೆ, ಬೇರೆ ಹೆಸರಿನಲ್ಲಿ. ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಎಂಟು ದಿನ ನಡೆಯುತ್ತವೆ, ಮನೆಯವರೂ ಬರುತ್ತಾರೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಊರಿನಲ್ಲೇ ಸೇರುತ್ತಾರೆ. ಆ ಆಮೇಲಿನ ಸೇರುವಿಕೆಯನ್ನು ನಾನು ಶಿಬಿರಕ್ಕಿಂತ ಹೆಚ್ಚು ನಂಬುತ್ತೇನೆ. ಕುಡಿತ ನಿಂತ ಮನೆಯಲ್ಲಿ ಮಾತುಕತೆಯ ಪಾಠಕ್ಕೆ ಅರ್ಧ ಕೆಲಸ ಉಳಿದಿರುವುದಿಲ್ಲ.

ಕಲ್ಯಾಣ ಮಂಟಪದ ಶಿಬಿರಗಳನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ನೂರರಲ್ಲಿ ಹನ್ನೆರಡು ಜೋಡಿಗೆ ಆಗುವ ಉಪಕಾರ ಬಿಡುವಂಥದ್ದಲ್ಲ. ಆದರೆ ಒಂದು ಜೋಡಿಗೆ ಸಾವಿರಗಟ್ಟಲೆ ರೂಪಾಯಿ ತೆಗೆದುಕೊಂಡು, ಎರಡು ದಿನದಲ್ಲಿ ಬದುಕು ಬದಲಿಸುತ್ತೇವೆ ಎನ್ನುವವರನ್ನು ಒಂದು ಪ್ರಶ್ನೆ ಕೇಳಿ: ಹೋದ ವರ್ಷ ಬಂದವರಿಗೆ ಈ ವರ್ಷ ಫೋನ್ ಮಾಡಿದ್ದೀರಾ? ಸರ್ಕಾರಕ್ಕೂ ಅದೇ ಪ್ರಶ್ನೆ. ಲೋಕ ಅದಾಲತ್‌ನಲ್ಲಿ ಒಂದಾದ ಜೋಡಿಗಳ ಮನೆಗೆ ವರ್ಷ ಕಳೆದ ಮೇಲೆ ಒಬ್ಬ ಅರೆಕಾಲಿಕ ಕಾನೂನು ಸ್ವಯಂಸೇವಕಿ ಹೋಗಿ, ಹೆಂಡತಿಯನ್ನು ಒಂಟಿಯಾಗಿ ಮಾತನಾಡಿಸಿ ಬರಲು ಹೆಚ್ಚು ದುಡ್ಡೇನೂ ಬೇಡ. ಬರುವ ಉತ್ತರ ಪತ್ರಿಕೆಯ ಚಿತ್ರದಷ್ಟು ಚೆನ್ನಾಗಿ ಇಲ್ಲದಿರಬಹುದು ಎಂಬ ಅಳುಕು ಇರಬೇಕು.

ನಾವೂ ಫೋನ್ ಮಾಡಿರಲಿಲ್ಲ. ಕೊಬ್ಬರಿಯ ಆ ಜೋಡಿಯಲ್ಲಿ ಹೆಂಡತಿ ಸಿಕ್ಕಿದ್ದು ಆಕಸ್ಮಿಕವಾಗಿ, ಏಳೆಂಟು ತಿಂಗಳ ಬಳಿಕ, ತಿಪಟೂರು ಬಸ್ ನಿಲ್ದಾಣದಲ್ಲಿ. ಗುರುತು ಹಿಡಿದು ಅವರೇ ಮಾತನಾಡಿಸಿದರು. ಕಾಯಿ ಇಟ್ಟುಕೊಂಡು ಮಾತನಾಡುವುದು ನಡೆಯುತ್ತಿದೆಯೇ ಎಂದು ಕೇಳಿದೆ.

"ಅಯ್ಯೋ, ಒಂದೇ ದಿನ ಸಾರ್. ಅತ್ತೆ ನೋಡಿ, ಇದೇನು ಮಾಟವೇ ಎಂದು ಕೇಳಿದರು. ಆ ಕಾಯಿ ಒಡೆದು ಚಟ್ನಿ ಮಾಡಿದೆವು." ನಕ್ಕರು. ಆಮೇಲೆ ಬಸ್ಸು ಬರುವ ಕಡೆ ನೋಡುತ್ತ ಹೇಳಿದರು: "ಆದರೆ ಈ ಸಲ ಮಾರುವುದಕ್ಕೆ ಮುಂಚೆ ಮಾರ್ಕೆಟ್ಟಿನಿಂದ ಫೋನ್ ಮಾಡಿದ್ದರು. ಇಷ್ಟು ರೇಟಿದೆ, ಕೊಡಲಾ ಎಂದು ಕೇಳಿದರು."

"ಹೋದ ಸಲ ಯಾಕೆ ಬೇರೆ ದಾರಿ ಇರಲಿಲ್ಲ ಎಂದು ಹೇಳಿದರೇ?"

"ಎಲ್ಲೋ ಕೈಸಾಲ ಮಾಡಿರಬೇಕು. ಕೇಳಿದರೆ ಎದ್ದು ಹೋಗುತ್ತಾರೆ."